ತಾರೀಖಿಲ್ಲದ "ಆದಷ್ಟು ಬೇಗ"

ನಮ್ಮ ಟೀಮಿನಲ್ಲೊಂದು ಮಾತಿದೆ. ಮೇಲ್‌ನಲ್ಲಿ "ಎ.ಎಸ್.ಎ.ಪಿ." ಅಂತ ಬರೆದಿದ್ದರೆ ಅದು ಅರ್ಜೆಂಟ್ ಅಲ್ಲ, ತಾರೀಖು ಬರೆದಿದ್ದರೆ ಮಾತ್ರ ಅರ್ಜೆಂಟ್. ತಾರೀಖಿಲ್ಲದ ಕೆಲಸ ಪಟ್ಟಿಯ ತಳ ಸೇರಿ ಅಲ್ಲೇ ಪಾಚಿ ಕಟ್ಟುತ್ತದೆ. ನಾನೂ ಎಷ್ಟೋ ಕೆಲಸಗಳಿಗೆ ಹೀಗೆ ಪಾಚಿ ಹಿಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಆದರೆ ದೇಶದ ಲೋಕಸಭೆಯೂ ಹೀಗೇ ಮಾಡಿದರೆ?

ಸಂವಿಧಾನದ 93ನೇ ವಿಧಿಯ ಪ್ರಕಾರ ಲೋಕಸಭೆ "ಆದಷ್ಟು ಬೇಗ" ತನ್ನ ಸದಸ್ಯರಲ್ಲಿ ಇಬ್ಬರನ್ನು ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಆಗಿ ಆರಿಸಬೇಕು. ಒಬ್ಬರನ್ನಲ್ಲ ಸ್ವಾಮಿ, ಇಬ್ಬರನ್ನು! 17ನೇ ಲೋಕಸಭೆ ಕೂತ ಮೂರನೇ ದಿನ, ಅಂದರೆ 2019ರ ಜೂನ್ 19ಕ್ಕೆ, ಓಂ ಬಿರ್ಲಾ ಸ್ಪೀಕರ್ ಆದರು. ಡೆಪ್ಯುಟಿ ಸ್ಪೀಕರ್? 2024ರ ಜೂನ್‌ನಲ್ಲಿ ಸಭೆ ವಿಸರ್ಜನೆ ಆಗುವ ತನಕ ಆರಿಸಲೇ ಇಲ್ಲ. ಇಡೀ ಅವಧಿ ಆ ಕುರ್ಚಿ ಖಾಲಿ ಉಳಿದದ್ದು ಲೋಕಸಭೆಯ ಇತಿಹಾಸದಲ್ಲೇ ಮೊದಲು. 2023ರಲ್ಲಿ ಸುಪ್ರೀಂ ಕೋರ್ಟ್ ನೋಟಿಸ್ ಕೊಟ್ಟರೂ ಏನೂ ಅಲುಗಾಡಲಿಲ್ಲ. 18ನೇ ಲೋಕಸಭೆ 2024ರ ಜೂನ್ 26ಕ್ಕೆ ಸ್ಪೀಕರ್‌ರನ್ನು ಆರಿಸಿತು. ಆ ವರ್ಷ ಮುಗಿದರೂ ಇನ್ನೊಂದು ಕುರ್ಚಿ ಖಾಲಿ.

"ಅಯ್ಯೋ, ಅದೊಂದು ಅಲಂಕಾರದ ಹುದ್ದೆ, ಹತ್ತು ಜನರ ಪ್ಯಾನೆಲ್ ಇದೆಯಲ್ಲ, ಅವರು ಸಭೆ ನಡೆಸ್ತಾರೆ" ಅಂದ ನನ್ನ ರೂಮ್‌ಮೇಟ್. ಇಲ್ಲೇ ಇರುವುದು ಮಸಲತ್ತು. ಪ್ಯಾನೆಲ್ಲಿನವರನ್ನು ಹೆಸರಿಸುವುದು ಸ್ಪೀಕರ್. ಡೆಪ್ಯುಟಿ ಸ್ಪೀಕರ್‌ರನ್ನು ಆರಿಸುವುದು ಸಭೆ, ತೆಗೆಯುವುದೂ ಸಭೆಯೇ. ಅವರು ಸ್ಪೀಕರ್ ಕೈಕೆಳಗಿನ ನೌಕರರಲ್ಲ. ಸ್ಪೀಕರ್ ರಾಜೀನಾಮೆ ಕೊಡಬೇಕಾದರೆ ಪತ್ರ ಬರೆಯಬೇಕಾದ್ದೇ ಡೆಪ್ಯುಟಿಗೆ ಅನ್ನುತ್ತದೆ 94ನೇ ವಿಧಿ. ಡೆಪ್ಯುಟಿಯೇ ಇಲ್ಲದಿದ್ದರೆ ಪತ್ರ ಯಾರ ಕೈಗೆ ಕೊಡೋದು?

ಇದು ಬರೀ ಪುಸ್ತಕದ ಪ್ರಶ್ನೆ ಅಲ್ಲ. 1956ರಲ್ಲಿ ಸ್ಪೀಕರ್ ಮಾವಳಂಕರ್ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು, ಡೆಪ್ಯುಟಿ ಆಗಿದ್ದ ಅನಂತಶಯನಂ ಅಯ್ಯಂಗಾರ್ ಸಭೆಯನ್ನು ಹೊತ್ತರು. 1977ರ ಜುಲೈನಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಸಂಜೀವ ರೆಡ್ಡಿ ಸ್ಪೀಕರ್ ಹುದ್ದೆ ಬಿಟ್ಟಾಗ, ನಮ್ಮ ಕೆ.ಎಸ್. ಹೆಗ್ಡೆ ಆಯ್ಕೆಯಾಗುವ ತನಕ ಗೋಡೆ ಮುರಹರಿ ಇದ್ದರು. 2002ರ ಮಾರ್ಚ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಬಾಲಯೋಗಿ ಹೋದರು. ಮೇ ತಿಂಗಳಲ್ಲಿ ಮನೋಹರ ಜೋಶಿ ಬರುವವರೆಗೆ ಸಭೆ ನಡೆಸಿದ್ದು ಪಿ.ಎಂ. ಸಯೀದ್. ವಾಜಪೇಯಿ ಸರ್ಕಾರ, ಪೀಠದಲ್ಲಿ ಕಾಂಗ್ರೆಸ್ಸಿನವರು! ಆಕಾಶ ಏನೂ ಕಳಚಿ ಬೀಳಲಿಲ್ಲ.

ಈಗ ಅರ್ಥ ಆಯ್ತಾ ಕುರ್ಚಿ ಯಾಕೆ ಖಾಲಿ ಅಂತ? ಅದನ್ನು ವಿರೋಧ ಪಕ್ಷಕ್ಕೆ ಕೊಡೋದು ಸಂಪ್ರದಾಯ. 2009ರಲ್ಲಿ ಮನಮೋಹನ್ ಸಿಂಗ್ ಕಾಲದಲ್ಲಿ ಬಿಜೆಪಿಯ ಕರಿಯಾ ಮುಂಡಾ ಆಗಿದ್ದರು. ಕಾಂಗ್ರೆಸ್ ಸಾಚಾ ಅಂತ ನಾನು ಹೇಳುತ್ತಿಲ್ಲ. ಶುರುವಿನ ದಶಕಗಳಲ್ಲಿ ಎರಡೂ ಕುರ್ಚಿಯನ್ನು ಹೆಚ್ಚಾಗಿ ತಾನೇ ಇಟ್ಟುಕೊಂಡಿತ್ತು, 1980ರಲ್ಲಿ ಮಿತ್ರಪಕ್ಷ ಡಿಎಂಕೆಗೆ ಕೊಟ್ಟು ಕೈ ತೊಳೆದುಕೊಂಡಿತ್ತು. ಆದರೂ ಯಾರನ್ನಾದರೂ ಕೂರಿಸುತ್ತಿದ್ದರು. ಕೊಡಲು ಮನಸ್ಸಿಲ್ಲದಿದ್ದರೆ ನಿಮ್ಮವರನ್ನೇ ನಿಲ್ಲಿಸಿ, ಓಟು ಹಾಕಿ ಗೆಲ್ಲಿಸಿ, ಬೈಸಿಕೊಳ್ಳಿ. ಚುನಾವಣೆಯನ್ನೇ ನಡೆಸದಿರುವುದು ಯಾವ ಸೀಮೆಯ ಸಂಸದೀಯ ಪದ್ಧತಿ?

ಲೋಕಸಭೆಯ 8ನೇ ನಿಯಮದಂತೆ ಈ ಚುನಾವಣೆಗೆ ತಾರೀಖು ಗೊತ್ತು ಮಾಡುವುದು ಸ್ಪೀಕರ್. ತನ್ನ ಬ್ಯಾಕಪ್ ಯಾವಾಗ ಬರಬೇಕೆಂದು ತಾನೇ ತೀರ್ಮಾನಿಸುವ ಸರ್ವರ್ ಅದು. ಇಂಥ ಡಿಸೈನ್ ತೋರಿಸಿದರೆ ನಮ್ಮಲ್ಲಿ ಫ್ರೆಶರ್ ಕೂಡ ನಗುತ್ತಾನೆ. ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ, ಆ ನಿಯಮಕ್ಕೆ ಒಂದೇ ಸಾಲು ಸೇರಿಸಿದರೆ ಸಾಕು: ಸ್ಪೀಕರ್ ಆಯ್ಕೆಯಾದ ಅರವತ್ತು ದಿನದೊಳಗೆ ಡೆಪ್ಯುಟಿ ಸ್ಪೀಕರ್ ಚುನಾವಣೆ.

ಸಂವಿಧಾನ ಬರೆದವರು ನಮ್ಮ ಮೇಲೆ ನಂಬಿಕೆ ಇಟ್ಟು "ಆದಷ್ಟು ಬೇಗ" ಅಂದರು. ನಾವು ಅದನ್ನು "ಆದಾಗ ನೋಡೋಣ" ಅಂತ ಓದಿಕೊಂಡೆವು. ಏನಂತೀರಿ? ನಿಮ್ಮ ಎಂಪಿ ಸಿಕ್ಕರೆ ಇದೊಂದು ಪ್ರಶ್ನೆ ಕೇಳಿ. ಅವರು ಯಾವ ಪಕ್ಷದವರಾದರೂ ಸರಿ.