ಯಂತ್ರವೇನೋ ಪುಕ್ಕಟೆ, ಕಬ್ಬಿಣದ ಲೆಕ್ಕ ಯಾರದು?

ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಅನ್ನೋದು ಈಗ ದೊಡ್ಡ ಊರಿನ ದುಡ್ಡಿದ್ದವರ ಸೊತ್ತಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಯ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲೇ ಈ ಸೇವೆ ಪುಕ್ಕಟೆ. ಒಳ್ಳೆಯದೇ ಆಯಿತು. ಆದರೆ ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಬಂದು, ನಾಲ್ಕು ತಾಸು ಮಲಗಿ ಹೋಗುವ ರೋಗಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನಲ್ಲ, ಅದ್ಯಾಕೆ?

ರಕ್ತಹೀನತೆ. ಯಂತ್ರ ರಕ್ತ ತೊಳೆಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಗಟ್ಟಿಯಿರುವ ಕಿಡ್ನಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನಿನ ಮೂಲಕ ಮೂಳೆಮಜ್ಜೆಗೆ 'ರಕ್ತಕಣ ಮಾಡು' ಅಂತ ಆರ್ಡರ್ ಕಳಿಸುತ್ತದೆ. ಕಿಡ್ನಿ ಸೋತರೆ ಆರ್ಡರೂ ಬಂದ್. ಅದಕ್ಕೆ ಇಂಜೆಕ್ಷನ್ ಇದೆ. ಆದರೆ ಆರ್ಡರ್ ಬಂದರೆ ಸಾಕೇ, ಗೋದಾಮಿನಲ್ಲಿ ಮಾಲು ಬೇಡವೇ? ಆ ಮಾಲೇ ಕಬ್ಬಿಣ. ಮನುಷ್ಯನ ಮೈಯಲ್ಲಿ ಇರೋದೇ 3-4 ಗ್ರಾಂ. ಕೊಳವೆಯಲ್ಲಿ ಉಳಿದ ರಕ್ತ, ಪರೀಕ್ಷೆಗೆ ತೆಗೆದ ರಕ್ತ ಎಲ್ಲ ಸೇರಿ ಡಯಾಲಿಸಿಸ್ ರೋಗಿಗೆ ವರ್ಷಕ್ಕೆ 1-2 ಗ್ರಾಂ ಖೋತಾ.

ಮನೆಯವರು ಪಾಪ, ಮಾತ್ರೆ ತರುತ್ತಾರೆ, ಸೊಪ್ಪು ತಿನ್ನಿಸುತ್ತಾರೆ. ಸೊಪ್ಪಿನ ಪೊಟ್ಯಾಸಿಯಂ ಈ ರೋಗಿಗೆ ಬೇರೆಯೇ ಗಂಡಾಂತರ. ಮಾತ್ರೆಯೂ ಅಷ್ಟಕ್ಕಷ್ಟೆ. ಹೆಪ್ಸಿಡಿನ್ ಎಂಬ ಇನ್ನೊಂದು ಹಾರ್ಮೋನು ಏರಿ, ಕರುಳಿನ ಬಾಗಿಲನ್ನೇ ಹಾಕಿಬಿಟ್ಟಿರುತ್ತದೆ. ಹಾಗಾಗಿ ಕಬ್ಬಿಣವನ್ನು ನೇರವಾಗಿ ರಕ್ತಕ್ಕೇ ಕೊಡಬೇಕು. ಐರನ್ ಸುಕ್ರೋಸ್ ಎಂಬ ಔಷಧಿಯನ್ನು ಡಯಾಲಿಸಿಸ್ ಕೊಳವೆಯಲ್ಲೇ ಬಿಡಬಹುದು, ಬೇರೆ ಸೂಜಿ ಚುಚ್ಚಬೇಕಿಲ್ಲ.

ಹೆಚ್ಚು ಕೊಟ್ಟರೆ ಅಪಾಯವೆಂಬ ಅಂಜಿಕೆ ವೈದ್ಯರಲ್ಲೇ ಇತ್ತು. ಬ್ರಿಟನ್ನಿನಲ್ಲಿ 2,141 ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ 'ಪಿವೋಟಲ್' ಅಧ್ಯಯನ ಇದನ್ನು ಒರೆಗೆ ಹಚ್ಚಿತು. ಒಂದು ಗುಂಪಿಗೆ ಮಿತಿ ನೋಡಿಕೊಂಡು ತಿಂಗಳಿಗೆ 400 ಮಿಲಿಗ್ರಾಂ. ಇನ್ನೊಂದಕ್ಕೆ ತೀರಾ ಕಮ್ಮಿಯಾದಾಗ ಮಾತ್ರ. ಸಾವು, ಹೃದಯಾಘಾತ, ಪಾರ್ಶ್ವವಾಯು, ಹೃದಯ ಸೋತು ಆಸ್ಪತ್ರೆ ಸೇರುವುದು ಇವುಗಳಲ್ಲಿ ಒಂದಾದರೂ ಬಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 29, ಎರಡನೆಯದರಲ್ಲಿ 32. ರಕ್ತ ಕೊಡುವ ಪ್ರಸಂಗವೂ ಕಮ್ಮಿಯಾಯಿತು. ಸೋಂಕು ಹೆಚ್ಚಲಿಲ್ಲ.

ಹಾಗಂತ ಇದು ಮನಬಂದಂತೆ ಏರಿಸುವ ಟಾನಿಕ್ ಅಲ್ಲ. ಮೈಯಲ್ಲಿ ಜೋರು ಸೋಂಕಿದ್ದಾಗ ಕೊಡುವಂತಿಲ್ಲ. ಅಪರೂಪಕ್ಕೆ ಅಲರ್ಜಿಯೂ ಆದೀತು. ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಎರಡು ಪರೀಕ್ಷೆ ಮಾಡಿಯೇ ಅಳತೆ ಹೇಳಬೇಕು. ಅದನ್ನು ಬಿಟ್ಟು, ಬಿಳಿಚಿಕೊಂಡಾಗಲೆಲ್ಲ ರಕ್ತದ ಬಾಟಲಿ ಏರಿಸಿ ಕಳಿಸಿದರೆ? ಪರರ ರಕ್ತದ ವಿರುದ್ಧ ಮೈಯಲ್ಲಿ ಪ್ರತಿಕಾಯ ಹುಟ್ಟಿ, ನಾಳೆ ಕಸಿಗೆ ಹೊಂದುವ ಕಿಡ್ನಿ ಸಿಗೋದೇ ಕಷ್ಟವಾದೀತು.

ಪುಕ್ಕಟೆ ಅಂದಮೇಲೆ ಬಾಯಿ ಮುಚ್ಚಿಕೊಂಡಿರಬೇಕೆಂಬ ಕಾನೂನೇನಿಲ್ಲ. ಚೀಟಿಯಲ್ಲಿ ಹಿಮೋಗ್ಲೋಬಿನ್ ಪಕ್ಕ ಫೆರಿಟಿನ್ ಅಂಕಿ ಇದೆಯೇ, ಅದು ಯಾವ ತಿಂಗಳದ್ದು ಎಂದು ರೋಗಿಯ ಮನೆಯವರು ಕೇಳಲಿ. ಸ್ಟಾಕ್ ನೋಡದೆ ಯಾವ ಅಂಗಡಿಯವ ವ್ಯಾಪಾರ ಮಾಡ್ತಾನೆ?