ಮುಖ ಹೊಂದಲಿಲ್ಲವೆಂದು ಬಾಣಂತಿಯ, ಕೂಸಿನ ತುತ್ತು ತಡೆಯುವುದನ್ನು ಖಂಡಿಸುತ್ತೇವೆ

ಖಂಡನಾ ಹೇಳಿಕೆ
ಝಳಕಿ, ವಿಜಯಪುರ ಜಿಲ್ಲೆ

ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಬೇಕಾದರೆ ತಾಯಿ ಮೊದಲು ಆಧಾರ್ ಇ-ಕೆವೈಸಿ ಮಾಡಿಸಬೇಕು, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖದ ಫೋಟೋ ತೆಗೆಸಬೇಕು, ಆಮೇಲೆ ಆಹಾರ ಪಡೆಯುವಾಗ ಮೊಬೈಲಿನ ಮುಂದೆ ನಿಂತು ಕಣ್ಣು ಮಿಟುಕಿಸಿ ಆ ಫೋಟೋಕ್ಕೆ ಮುಖ ಹೊಂದಿಸಬೇಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2025ರ ಜುಲೈ 1ರಿಂದ ಇದನ್ನು ಕಡ್ಡಾಯ ಮಾಡಿದೆ. ಝಳಕಿ ಭಾಗದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರ ನಮ್ಮ ಸಂಘ ಈ ನಿಯಮವನ್ನು ತೀವ್ರವಾಗಿ ಖಂಡಿಸುತ್ತದೆ. ಹಸಿದ ಮನೆಯ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವ ಈ ಕೆಲಸವನ್ನು ನಮ್ಮ ಕೈಯಿಂದಲೇ ಮಾಡಿಸಲಾಗುತ್ತಿದೆ. ಆದ್ದರಿಂದ ಇದನ್ನು ಹೇಳುವ ಹೊಣೆಯೂ ನಮ್ಮದೇ.

ಈ ನಿಯಮ ಮಾಡಿದವರಿಗೆ ನಮ್ಮ ಸೀಮೆಯ ಬದುಕು ತಿಳಿದಿಲ್ಲ. ಝಳಕಿ ಗಡಿಯ ಊರು. ಇಲ್ಲಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಧೂಳಖೇಡ ದಾಟಿ, ಭೀಮೆ ದಾಟಿ ಮಹಾರಾಷ್ಟ್ರ. ಹೆಣ್ಣು ಕೊಡುವುದು, ತರುವುದು ಎರಡೂ ದಂಡೆಯಲ್ಲಿ ನಡೆದೇ ಇದೆ. ಆಚೆ ದಂಡೆಯಿಂದ ಬಂದ ಸೊಸೆಯ ಆಧಾರ್ ಕಾರ್ಡಿನಲ್ಲಿ ತವರಿನ ವಿಳಾಸ, ತವರಿನ ಹೆಸರು. ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಅಪ್ಪನದೋ ಅಣ್ಣನದೋ. ಗಂಡನ ನಂಬರ್ ಜೋಡಿಸಿದ್ದರೂ ಅವನು ಲಾರಿಯ ಮೇಲೋ, ಪುಣೆಯ ಕಟ್ಟಡದ ಕೆಲಸದಲ್ಲೋ ಇರುತ್ತಾನೆ. ಓಟಿಪಿ ಅವನ ಫೋನಿಗೆ ಹೋಗುತ್ತದೆ, ಅವನು ಎತ್ತಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹೆಣ್ಣುಮಗಳು ಕೂಸನ್ನು ಬಗಲಲ್ಲಿ ಎತ್ತಿಕೊಂಡು ಮತ್ತೆ ನಾಳೆ ಬರಬೇಕು. ನಾಳೆ ಅವಳಿಗೆ ಕೂಲಿ ಇರುತ್ತದೆ. ಹೊಲದ ಕೂಲಿ ಬಿಟ್ಟು ಅವಳು ಎಷ್ಟು ಸಲ ಬಂದಾಳು?

ಚೊಚ್ಚಲ ಬಸುರಿಗೆ ಕುಬಸ ಮಾಡಿ ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಬಡವರಿಗೂ ಬಿಟ್ಟಿಲ್ಲ. ಝಳಕಿಯ ಆಸುಪಾಸಿನ ಹಲಸಂಗಿಯ ಗೆಳೆಯರು 1931ರಲ್ಲಿ ನಮ್ಮ ಅಜ್ಜಿಯರ ಬಾಯಿಂದ ಕೂಡಿಸಿ ಅಚ್ಚುಹಾಕಿಸಿದ ‘ಗರತಿಯ ಹಾಡು’ ತವರು ಮತ್ತು ತೊಟ್ಟಿಲುಗಳಿಂದಲೇ ತುಂಬಿದೆ. ಆ ಪದ್ಧತಿ ಇಂದಿಗೂ ಹಾಗೇ ಇದೆ. ಹೆಸರು ಮಾತ್ರ ಗಂಡನ ಊರಿನ ಅಂಗನವಾಡಿಯಲ್ಲಿ. ತವರಿನ ಕೇಂದ್ರಕ್ಕೆ ಹೋದರೆ ಆ್ಯಪಿನಲ್ಲಿ ಅವಳಿಲ್ಲ, ಇಲ್ಲಿ ಆ್ಯಪಿನಲ್ಲಿ ಇದ್ದಾಳೆ, ಆದರೆ ಮುಖ ತೋರಿಸಲು ಅವಳು ಊರಲ್ಲಿಲ್ಲ. ಹೆಸರು ವರ್ಗಾಯಿಸಲು ಅವಕಾಶವಿದೆ ಎಂದು ಮೇಲಿನವರು ಹೇಳುತ್ತಾರೆ. ಅದು ಆಗುವ ಹೊತ್ತಿಗೆ ಹೆರಿಗೆಯೇ ಆಗಿಹೋಗಿರುತ್ತದೆ. ಒಂಬತ್ತು ತಿಂಗಳಿಗೆ ಬಾವು ಬಂದ ಮುಖ, ಬಾಣಂತನದಲ್ಲಿ ಬತ್ತಿದ ಮುಖ, ಹುಡುಗಿಯಿದ್ದಾಗ ಕಾರ್ಡಿಗೆ ತೆಗೆಸಿದ ಮುಖ, ಮೂರೂ ಒಬ್ಬಳದೇ ಎಂದು ನಮಗೆ ಗೊತ್ತು. ಅವಳ ತೂಕ ಮಾಡಿದವರು ನಾವು, ತಾಯಿ ಕಾರ್ಡು ಬರೆದವರು ನಾವು. ಫೋನಿಗೆ ಮಾತ್ರ ಗುರುತು ಹತ್ತುವುದಿಲ್ಲ.

ಇನ್ನು ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ಗ್ಯಾಂಗಿನವರು. ದೀಪಾವಳಿಯ ಹೊತ್ತಿಗೆ ತಾಂಡಾಗಳು ಅರ್ಧ ಖಾಲಿಯಾಗುತ್ತವೆ. ಮುಂಗಡ ತೆಗೆದುಕೊಂಡ ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ, ಮೊಲೆ ಕುಡಿಯುವ ಕೂಸು ಜೊತೆಗೇ ಹೋಗುತ್ತದೆ, ಸ್ವಲ್ಪ ದೊಡ್ಡದಾದರೆ ಅಜ್ಜಿಯ ಕೈಲಿ ಉಳಿಯುತ್ತದೆ. ಅಜ್ಜಿ ಆಹಾರ ಕೇಳಲು ಬಂದರೆ ಆ್ಯಪಿಗೆ ಬೇಕಾಗಿರುವುದು ಹೆಸರು ನೋಂದಾಯಿಸಿದ ತಾಯಿಯ ಮುಖ. ತಾಯಿ ಕಬ್ಬಿನ ಫಡದಲ್ಲಿ ಕೊಯ್ತಾ ಹಿಡಿದು ನಿಂತಿದ್ದಾಳೆ. ಎಲ್ಲರಿಗಿಂತ ಮೊದಲು ಆಹಾರ ಸಿಗಬೇಕಾದ ಮನೆಯೇ ಇಲ್ಲಿ ಎಲ್ಲರಿಗಿಂತ ಮೊದಲು ಬಿಟ್ಟುಹೋಗುತ್ತದೆ.

ಇದು ಯಾರೋ ದೊಡ್ಡವರು ಕೊಡುವ ದಾನವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಂ ಬಸುರಿಗೆ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೆ, 5ನೇ ಕಲಂ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಊರಿನ ಅಂಗನವಾಡಿಯಿಂದ ಉಚಿತ ಊಟವನ್ನು ಹಕ್ಕೆಂದು ಬರೆದಿವೆ. ಬಸುರಿಯಾಗಿದ್ದರೆ ಸಾಕು, ಮಗುವಾಗಿದ್ದರೆ ಸಾಕು. ಆಧಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಡುವಾಗ, ಆಧಾರ್ ಸಂಖ್ಯೆ ತೋರಿಸಲಾಗಲಿಲ್ಲವೆಂದು ಯಾವ ಮಗುವಿಗೂ ಯೋಜನೆಯ ಪ್ರಯೋಜನ ತಪ್ಪಿಸಬಾರದು ಎಂದು ಹೇಳಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕಾಯ್ದೆಯಲ್ಲೂ ತೀರ್ಪಿನಲ್ಲೂ ಇಲ್ಲದ ಷರತ್ತನ್ನು ಒಂದು ಆ್ಯಪಿನ ಮೂಲಕ ಹೇರುವ ಅಧಿಕಾರ ಸಚಿವಾಲಯಕ್ಕೆ ಎಲ್ಲಿಂದ ಬಂತು ಎಂದು ನಾವು ಕೇಳುತ್ತೇವೆ.

ಸೋರಿಕೆ ತಡೆಯಲು, ಸುಳ್ಳು ಹೆಸರು ತೆಗೆಯಲು ಇದು ಬೇಕು ಎನ್ನುವ ವಾದವಿದೆ. ಈ ಮಾತು ನಮ್ಮ ಎದೆಗೆ ನಾಟುತ್ತದೆ, ಏಕೆಂದರೆ ಅದರೊಳಗೆ ಕಾರ್ಯಕರ್ತೆ ಕಳ್ಳಿ ಎಂಬ ಆರೋಪವಿದೆ. ಪ್ರತಿ ಅಂಗನವಾಡಿಗೆ ತಾಯಂದಿರೂ ಇರುವ ಬಾಲವಿಕಾಸ ಸಮಿತಿ ಇದೆ. ಆಹಾರ ಭದ್ರತಾ ಕಾಯ್ದೆಯ 28ನೇ ಕಲಂ ಸಾಮಾಜಿಕ ಪರಿಶೋಧನೆ ಮಾಡಿ ಎನ್ನುತ್ತದೆ, 29ನೇ ಕಲಂ ಜಾಗೃತ ಸಮಿತಿ ರಚಿಸಿ ಎನ್ನುತ್ತದೆ. ಊರ ಮುಂದೆ, ಗ್ರಾಮಸಭೆಯಲ್ಲಿ, ನಮ್ಮ ರಿಜಿಸ್ಟರ್ ಓದಿಸಿ; ನಾವು ಸಿದ್ಧ. ಸೋರಿಕೆ ಇದ್ದರೆ ಅದನ್ನು ಟೆಂಡರಿನಲ್ಲಿ, ಗೋದಾಮಿನಲ್ಲಿ, ತೂಕದಲ್ಲಿ ಹುಡುಕಬೇಕು. ಚೀಲ ನಮ್ಮ ಕೇಂದ್ರಕ್ಕೆ ಬರುವ ಮುಂಚಿನ ದಾರಿಯಲ್ಲಿ ಯಾರ ಮುಖವನ್ನೂ ಯಾವ ಕ್ಯಾಮೆರಾವೂ ನೋಡುವುದಿಲ್ಲ. ಕೊನೆಯಲ್ಲಿ ನಿಂತ ಬಾಣಂತಿಯ ಮುಖವನ್ನೇ ನೋಡುತ್ತದೆ.

2020ರ ಲಾಕ್‌ಡೌನ್ ನೆನಪಿಸುತ್ತೇವೆ. ಬಾಗಿಲು ಮುಚ್ಚಿದ ಕೇಂದ್ರಗಳಿಂದ ಚೀಲ ಹೊತ್ತು ಮನೆಮನೆಗೆ ಆಹಾರ ಮುಟ್ಟಿಸಿದವರು ಇದೇ ಕಾರ್ಯಕರ್ತೆಯರು. ಆ ವರ್ಷವೇ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ತಾಲೂಕುಗಳ ದಂಡೆಯ ಊರುಗಳಿಗೆ ನೀರು ಹೊಕ್ಕಾಗ ಜನ ಕಾರ್ಡು ಕಾಗದ ಬಿಟ್ಟು ಜೀವ ಹಿಡಿದುಕೊಂಡು ಓಡಿದರು. ಅಂಥ ಹೊತ್ತಿನಲ್ಲಿ ಈ ನಿಯಮ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ನಮಗೆ ಭಯವಾಗುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳಲೇಬೇಕು. ಮಗುವೊಂದರ ದಿನದ ಪೂರಕ ಆಹಾರಕ್ಕೆ 2017ರಲ್ಲಿ 6 ರೂಪಾಯಿಯನ್ನು 8 ರೂಪಾಯಿಗೆ, ಬಸುರಿ ಬಾಣಂತಿಯರ ಪಾಲನ್ನು 9 ರೂಪಾಯಿ 50 ಪೈಸೆಗೆ ಏರಿಸಲಾಯಿತು. ಕ್ಯಾಮೆರಾ ಕಡ್ಡಾಯವಾದ 2025ರ ಜುಲೈ 1ರಂದೂ ಅದೇ 8 ರೂಪಾಯಿ. ಕಾರ್ಯಕರ್ತೆಗೆ ಕೇಂದ್ರದ ಪಾಲಿನ ಗೌರವಧನ 2018ರ ಅಕ್ಟೋಬರಿನ 4,500 ರೂಪಾಯಿಯಲ್ಲೇ, ಸಹಾಯಕಿಯದು 2,250ರಲ್ಲೇ ನಿಂತಿತ್ತು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಎಂದು ಸರ್ಕಾರದ್ದೇ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇದನ್ನು ಓದಿದ ಮೇಲೂ ತಟ್ಟೆಗೆ ಇನ್ನೆರಡು ರೂಪಾಯಿ ಹಾಕುವ ಬದಲು ಮುಖ ಪರೀಕ್ಷಿಸುವ ಯೋಚನೆ ಹೊಳೆದದ್ದನ್ನು ನಾವು ಕ್ಷಮಿಸಲಾರೆವು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಟಿ. ನರಸೀಪುರದಲ್ಲಿ ಕಾಲಿಟ್ಟಿತು. ಅದಕ್ಕೆ ಐವತ್ತು ತುಂಬಿದ ವರ್ಷವೇ ಈ ನಿಯಮ ಬಂತು.

ಆದ್ದರಿಂದ ಸಂಘದ ಆಗ್ರಹ ಇಷ್ಟು. ಮುಖ ಹೊಂದಿಸುವುದನ್ನು ಆಹಾರ ಕೊಡಲು ಷರತ್ತು ಮಾಡಿರುವ ಆದೇಶವನ್ನು ಕೇಂದ್ರ ಹಿಂಪಡೆಯಬೇಕು. ಅಲ್ಲಿಯವರೆಗೆ ರಾಜ್ಯ ಸರ್ಕಾರ, ಆ್ಯಪಿನಲ್ಲಿ ಗುರುತು ಸಿಗದಿದ್ದರೂ ಆಹಾರ ಕೊಡಿ ಎಂದು ಕಾರ್ಯಕರ್ತೆಯರಿಗೆ ಲಿಖಿತವಾಗಿ ತಿಳಿಸಬೇಕು, ಮಾತಿನಲ್ಲಿ ಹೇಳಿದರೆ ಸಾಲದು. ತವರಿಗೆ ಬಂದವಳಿಗೆ, ಗ್ಯಾಂಗಿನ ಮಕ್ಕಳಿಗೆ, ಅವರು ಎಲ್ಲಿರುತ್ತಾರೋ ಆ ಊರಿನ ಕೇಂದ್ರದಲ್ಲಿ ಆ ದಿನವೇ ಆಹಾರ ಸಿಗಬೇಕು. ಈಗಾಗಲೇ ತಪ್ಪಿಹೋದ ತಾಯಿ ಮಕ್ಕಳಿಗೆ ಕಾಯ್ದೆಯ 8ನೇ ಕಲಂ ಹೇಳುವ ಆಹಾರ ಭದ್ರತಾ ಭತ್ಯೆಯನ್ನು ಲೆಕ್ಕಹಾಕಿ ಕೊಡಬೇಕು. ಮುಖ ಹೊಂದಿಸಿದ ಸಂಖ್ಯೆ ಕಡಿಮೆಯಾಯಿತೆಂದು ಕಾರ್ಯಕರ್ತೆಯರ ಗೌರವಧನ ತಡೆಯುವ ಬೆದರಿಕೆ ಇಂದೇ ನಿಲ್ಲಬೇಕು.

ಇಂದಿನಿಂದ ನಮ್ಮ ಸಂಘದ ಕಾರ್ಯಕರ್ತೆಯರು ಆ್ಯಪಿನಲ್ಲಿ ಒಂದು ಸಲ ಪ್ರಯತ್ನಿಸುತ್ತಾರೆ. ಆಗದಿದ್ದರೆ ರಿಜಿಸ್ಟರಿನಲ್ಲಿ ಹೆಸರು ಬರೆದು, ಸಹಿ ಇಲ್ಲವೇ ಹೆಬ್ಬೆಟ್ಟು ಪಡೆದು, ಅಕ್ಕಪಕ್ಕದ ಇಬ್ಬರು ತಾಯಂದಿರ ಸಾಕ್ಷಿ ಹಾಕಿಸಿ ಆಹಾರ ಕೊಟ್ಟು ಕಳಿಸುತ್ತಾರೆ. ಅಜ್ಜಿ ಬಂದರೆ ಅಜ್ಜಿಯ ಕೈಗೂ ಕೊಡುತ್ತಾರೆ. ಇದಕ್ಕಾಗಿ ನೋಟಿಸು ಕೊಡುವುದಿದ್ದರೆ ಒಬ್ಬ ಕಾರ್ಯಕರ್ತೆಯ ಹೆಸರಿಗೆ ಕೊಡಬೇಡಿ, ಸಂಘದ ಹೆಸರಿಗೆ ಕೊಡಿ. ಉತ್ತರವನ್ನು ಆ ರಿಜಿಸ್ಟರ್ ಸಮೇತ ನಾವೆಲ್ಲ ಕೂಡಿಯೇ ತಂದು ಕೊಡುತ್ತೇವೆ.

ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಸರ್ವ ಸದಸ್ಯೆಯರು
ಝಳಕಿ