ಮೊಬೈಲಿನಿಂದ ಕ್ಲಿನಿಕ್ಕಿನವರೆಗಿನ ದಾರಿ

ದೇಶದಲ್ಲಿ ಎಚ್‌ಐವಿ ಸೋಂಕು ಇಳಿಮುಖವಾಗಿರುವುದು ನಿಜ. ಆದರೆ ಆ ಇಳಿಕೆಯ ಫಲ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) 2021ರಲ್ಲಿ ನಡೆಸಿದ ಕಣ್ಗಾವಲು ಸಮೀಕ್ಷೆಯ ಪ್ರಕಾರ, ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಶೇ 0.22. ಪುರುಷರೊಂದಿಗೆ ಲೈಂಗಿಕ ಸಂಬಂಧ ಹೊಂದಿರುವ ಪುರುಷರಲ್ಲಿ ಅದು ಶೇ 3.26. ಹೆಚ್ಚುಕಡಿಮೆ ಹದಿನೈದು ಪಟ್ಟು! ಈ ಅಂತರಕ್ಕೆ ದೇಹಕ್ಕೆ ಸಂಬಂಧಿಸಿದ ಕಾರಣವೊಂದಿದೆ: ರಕ್ಷಣೆಯಿಲ್ಲದ ಗುದಸಂಭೋಗದಲ್ಲಿ ವೈರಾಣು ದಾಟುವ ಸಾಧ್ಯತೆ ಹೆಚ್ಚು. ಉಳಿದ ಕಾರಣಗಳು ನಾವು, ಅಂದರೆ ಸಮಾಜ, ಸೃಷ್ಟಿಸಿದವು. ಗುಟ್ಟಾಗಿ ಬದುಕಬೇಕಾದ ಭಯ, ಮದುವೆಯ ಒತ್ತಡ, ವೈದ್ಯರೆದುರು ಬಾಯಿಬಿಡಲಾಗದ ಸಂಕೋಚ, ಇವೆಲ್ಲ ಸೇರಿ ಪರೀಕ್ಷೆಯನ್ನು ಮುಂದೂಡಿಸುತ್ತವೆ.

ಈ ಸಮೀಕ್ಷೆ ಬಹುಮಟ್ಟಿಗೆ ನಡೆಯುವುದು ಸರ್ಕಾರಿ ಯೋಜನೆಯ ಸಂಪರ್ಕಕ್ಕೆ ಈಗಾಗಲೇ ಬಂದವರ ನಡುವೆ. ಸಂಪರ್ಕಕ್ಕೇ ಬಾರದವರ ಸ್ಥಿತಿ ಏನು? ಇಂದಿನ ಯುವ ಸಲಿಂಗಾಸಕ್ತ ಪುರುಷರಲ್ಲಿ ಬಹಳಷ್ಟು ಜನ ಈ ಗುಂಪಿನವರು. ಸಂಗಾತಿಯನ್ನು ಹುಡುಕಲು ಅವರು ಉದ್ಯಾನಕ್ಕೆ ಹೋಗುವುದಿಲ್ಲ, ಮೊಬೈಲ್ ತೆರೆಯುತ್ತಾರೆ. ಆರೋಗ್ಯ ವ್ಯವಸ್ಥೆಯೂ ಅಲ್ಲಿಗೇ ಹೋಗಬೇಕು. ಆದರೆ ಬರಿಯ ಪೋಸ್ಟರ್‌ಗಳನ್ನು ಹಂಚಿ ಕೈತೊಳೆದುಕೊಂಡರೆ ಸಾಲದು. ಸಾಮಾಜಿಕ ಜಾಲತಾಣದ ಆರೋಗ್ಯ ಪ್ರಚಾರಕ್ಕೆ ಅರ್ಥ ಬರುವುದು ಅದು ಒಬ್ಬ ವ್ಯಕ್ತಿಯನ್ನು ಪರೀಕ್ಷಾ ಕೇಂದ್ರದವರೆಗೆ ಕರೆತಂದಾಗ, ಅಲ್ಲಿ ಅವನ ಗುಟ್ಟು ಗುಟ್ಟಾಗಿಯೇ ಉಳಿದಾಗ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 2003ರಲ್ಲಿ ಗೇಟ್ಸ್ ಫೌಂಡೇಷನ್ ನೆರವಿನಿಂದ ಆರಂಭವಾದ ‘ಅವಾಹನ್’ ಯೋಜನೆ ಈ ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬೆಂಗಳೂರಿನ ಸಂಗಮ, ಮೈಸೂರಿನ ಆಶೋದಯ ಮುಂತಾದ ಸಂಘಟನೆಗಳು ಸಮುದಾಯದವರನ್ನೇ ಕಾರ್ಯಕರ್ತರನ್ನಾಗಿ ಬೆಳೆಸಿದವು. ‘ಪೀರ್’ ಎಂದು ಕರೆಸಿಕೊಳ್ಳುವ ಈ ಕಾರ್ಯಕರ್ತರು ಉದ್ಯಾನ, ಬಸ್ ನಿಲ್ದಾಣ, ಕೆರೆ ಏರಿಗಳಿಗೆ ಹೋಗುತ್ತಿದ್ದರು. ನಿರೋಧ್ ಕೊಡುತ್ತಿದ್ದರು, ಮಾತಾಡಿಸುತ್ತಿದ್ದರು, ಪೊಲೀಸರು ಹಿಡಿದರೆ ಠಾಣೆಗೆ ಓಡಿ ಬರುತ್ತಿದ್ದರು, ರಕ್ತಪರೀಕ್ಷೆಗೆ ಜೊತೆಯಲ್ಲಿ ಆಸ್ಪತ್ರೆಗೆ ನಡೆಯುತ್ತಿದ್ದರು. ಆ ಮಾದರಿ ಗೆದ್ದದ್ದು ಈ ನಂಟಿನಿಂದ. ಕೈಗೆ ಕೊಟ್ಟ ಕರಪತ್ರಕ್ಕಿಂತ ಕೊಟ್ಟ ಕೈಯ ಮೇಲಿನ ನಂಬಿಕೆ ಹೆಚ್ಚು ಕೆಲಸ ಮಾಡಿತು.

ಅಗ್ಗದ ಸ್ಮಾರ್ಟ್‌ಫೋನ್ ಮತ್ತು ಡೇಟಾ ಈ ಭೂಗೋಳವನ್ನೇ ಬದಲಿಸಿವೆ. ಗ್ರೈಂಡರ್‌ನಂಥ ಆ್ಯಪ್‌ಗಳು, ಇನ್‌ಸ್ಟಾಗ್ರಾಮ್, ಟೆಲಿಗ್ರಾಂ ಗುಂಪುಗಳು ಈಗಿನ ಭೇಟಿಯ ತಾಣಗಳು. ರಾಯಚೂರಿನ ಕಾಲೇಜು ಹುಡುಗನಿಗೂ ಹಾಸನದ ಮದುವೆಯಾದ ಗೃಹಸ್ಥನಿಗೂ ಅವು ಸಿಗುತ್ತವೆ. ಇವರಲ್ಲಿ ಅನೇಕರು ತಮ್ಮನ್ನು ‘ಗೇ’ ಎಂದು ಕರೆದುಕೊಳ್ಳುವುದೇ ಇಲ್ಲ. ಯಾವ ಸಂಘಟನೆಯ ಪರಿಚಯವೂ ಅವರಿಗಿಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಪೀರ್‌ಗೆ ಇವರು ಕಾಣಸಿಗುವುದಿಲ್ಲ. ಇವರನ್ನು ಬೇರೆಯದೇ ರೀತಿಯಲ್ಲಿ ತಲುಪಬೇಕೆಂದು ನ್ಯಾಕೊ ಕೂಡ ಗುರುತಿಸಿದೆ. ಆದರೆ ಆ ತಿಳಿವಳಿಕೆ ಜಿಲ್ಲಾ ಮಟ್ಟಕ್ಕೆ ಇಳಿಯಬೇಕಾದ ವೇಗದಲ್ಲಿ ಇಳಿದಿಲ್ಲ.

ಜಾಲದಲ್ಲಿ ಆರೋಗ್ಯ ಕೆಲಸ ಹೇಗೆ ನಡೆಯಬೇಕು ಎಂಬ ಪ್ರಶ್ನೆ ಕಾಲು ಶತಮಾನದಷ್ಟು ಹಳೆಯದು. 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸಲಿಂಗಾಸಕ್ತ ಪುರುಷರ ನಡುವೆ ಸಿಫಿಲಿಸ್ ಹರಡಿತು. ರೋಗಿಗಳು ಸಂಗಾತಿಗಳನ್ನು ಕಂಡುಕೊಂಡದ್ದು ಎಒಎಲ್ ಕಂಪನಿಯ ಒಂದು ಚಾಟ್‌ರೂಮ್‌ನಲ್ಲಿ. ಸಂಗಾತಿಗಳ ನಿಜ ಹೆಸರು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಪರದೆಯ ಮೇಲಿನ ಅಡ್ಡಹೆಸರು ಮಾತ್ರ. ಬಳಕೆದಾರರ ಗುರುತು ಬಿಟ್ಟುಕೊಡಲು ಕಂಪನಿ ಒಪ್ಪಲಿಲ್ಲ. ಆಗ ನಗರದ ಆರೋಗ್ಯ ಇಲಾಖೆ ಸಲಿಂಗಿ ಸಮುದಾಯದ್ದೇ ಆದ ಅಂತರ್ಜಾಲ ಸಂಸ್ಥೆಯೊಂದರ ನೆರವು ಪಡೆದು, ಆ ಚಾಟ್‌ರೂಮ್‌ಗೇ ಎಚ್ಚರಿಕೆಯ ಮಾತನ್ನು ಮುಟ್ಟಿಸಿತು. ಖಾಸಗಿತನಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ನಡುವೆ ಬಿಕ್ಕಟ್ಟು ಎದುರಾದಾಗ ದಾರಿ ತೋರಿಸಿದ್ದು ಸಮುದಾಯದ ವಿಶ್ವಾಸ. ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಯಾರಿಗೂ ಸಿಕ್ಕಿಲ್ಲ.

ಇದು ಬರೀ ನಂಬಿಕೆಯ ಮಾತಲ್ಲ, ಪುರಾವೆಯೂ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆಫ್ರಿಕನ್ ಅಮೆರಿಕನ್ ಮತ್ತು ಲ್ಯಾಟಿನೊ ಪುರುಷರನ್ನು ಒಳಗೊಂಡು ಫೇಸ್‌ಬುಕ್‌ನಲ್ಲಿ ಮುಚ್ಚಿದ ಗುಂಪುಗಳನ್ನು ರಚಿಸಿದರು. ಕೆಲವು ಗುಂಪುಗಳಲ್ಲಿ ತರಬೇತಿ ಪಡೆದ ಸಮುದಾಯದ ಮುಂದಾಳುಗಳು ಎಚ್‌ಐವಿ ಬಗ್ಗೆ ಮಾತಾಡಿದರು, ಉಳಿದವುಗಳಲ್ಲಿ ಸಾಮಾನ್ಯ ಆರೋಗ್ಯದ ಚರ್ಚೆ ನಡೆಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ಬಗೆಯ ಗುಂಪುಗಳಲ್ಲಿ ಶೇ 44ರಷ್ಟು ಜನ ಮನೆಯಲ್ಲೇ ಬಳಸುವ ಪರೀಕ್ಷಾ ಕಿಟ್ ಕೇಳಿದರು, ಎರಡನೆಯದರಲ್ಲಿ ಶೇ 20. ಭಾಗವಹಿಸಿದವರು ನೂರಾ ಹನ್ನೆರಡು ಜನ ಮಾತ್ರ, ಆದ್ದರಿಂದ ಇದನ್ನು ಅತಿಯಾಗಿ ಹಿಗ್ಗಿಸಿ ಹೇಳಬಾರದು. ಆದರೂ ಪರದೆಯ ಮೇಲೆ ಸಹ ತನ್ನವನೊಬ್ಬ ಹೇಳಿದ ಮಾತಿಗೆ ಬೆಲೆ ಹೆಚ್ಚು ಎಂಬುದನ್ನು ಅದು ತೋರಿಸಿತು.

2022ರ ಎಂಪಾಕ್ಸ್ (ಮಂಕಿಪಾಕ್ಸ್) ಹರಡುವಿಕೆ ಇನ್ನೂ ದೊಡ್ಡ ಸಾಕ್ಷ್ಯ ಒದಗಿಸಿತು. ಅಮೆರಿಕದಲ್ಲಿ ಸಲಿಂಗಾಸಕ್ತ ಪುರುಷರು ಲಕ್ಷಣಗಳ ಚಿತ್ರ, ಲಸಿಕೆ ಸಿಗುವ ಜಾಗ, ಮುನ್ನೆಚ್ಚರಿಕೆಯ ಕ್ರಮಗಳನ್ನು ಜಾಲತಾಣಗಳಲ್ಲಿ ತಾವೇ ಹಂಚಿಕೊಂಡರು. ಡೇಟಿಂಗ್ ಆ್ಯಪ್‌ಗಳೂ ಎಚ್ಚರಿಕೆಯ ಸಂದೇಶ ಕಳಿಸಿದವು. ಆ ವರ್ಷದ ಆಗಸ್ಟ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಪುರುಷರು ಸಂಗಾತಿಗಳ ಸಂಖ್ಯೆಯನ್ನು ಕಡಿಮೆ ಮಾಡಿದ್ದಾಗಿ ಹೇಳಿದರು. ಬೈದು ಬೆದರಿಸಿದ್ದರೆ ಇದು ಆಗುತ್ತಿರಲಿಲ್ಲ. ಸರಿಯಾದ ಮಾಹಿತಿ ಸರಿಯಾದ ಬಾಯಿಂದ ಬಂದದ್ದರಿಂದ ಆಯಿತು.

ಈ ದಾರಿಯಲ್ಲಿ ಅಪಾಯಗಳೂ ಇವೆ. ಅವನ್ನು ಮರೆಮಾಚಿದರೆ ಸಮುದಾಯಕ್ಕೆ ದ್ರೋಹ ಬಗೆದಂತೆ. ಗ್ರೈಂಡರ್ ಕಂಪನಿ ತನ್ನ ಬಳಕೆದಾರರ ಎಚ್‌ಐವಿ ಸ್ಥಿತಿಯ ವಿವರವನ್ನು ಹೊರಗಿನ ಎರಡು ತಂತ್ರಾಂಶ ಕಂಪನಿಗಳೊಂದಿಗೆ ಹಂಚಿಕೊಂಡಿದ್ದು 2018ರ ಏಪ್ರಿಲ್‌ನಲ್ಲಿ ಬಯಲಾಯಿತು. ಸಂಗಾತಿಯ ಹಿತಕ್ಕೆಂದು ಪ್ರಾಮಾಣಿಕವಾಗಿ ಬರೆದುಕೊಂಡ ಮಾಹಿತಿ ಅದು. ಮರುವರ್ಷ ಫೇಸ್‌ಬುಕ್‌ನಲ್ಲಿ ವಕೀಲರ ಕಂಪನಿಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು ಎಚ್‌ಐವಿ ತಡೆಗಟ್ಟುವ ಮಾತ್ರೆಯ ಬಗ್ಗೆ ಅತಿಯಾದ ಭಯ ಹುಟ್ಟಿಸಿದವು. ಐವತ್ತಕ್ಕೂ ಹೆಚ್ಚು ಸಂಘಟನೆಗಳು ಪ್ರತಿಭಟಿಸಿದ ನಂತರ, 2019ರ ಡಿಸೆಂಬರ್‌ನಲ್ಲಿ, ಅವುಗಳಲ್ಲಿ ಕೆಲವನ್ನು ತೆಗೆಯಲಾಯಿತು. ಜಾಲತಾಣ ಸತ್ಯಕ್ಕೂ ಸುಳ್ಳಿಗೂ ಒಂದೇ ದರ ವಿಧಿಸುತ್ತದೆ.

ಒಂದೇ ಖಾಸಗಿ ಆ್ಯಪ್ ಅನ್ನು ನೆಚ್ಚಿಕೊಳ್ಳುವುದೂ ಅಪಾಯ ಎಂಬುದಕ್ಕೆ ಚೀನಾ ನಿದರ್ಶನ. ಅಲ್ಲಿ ಮಾಜಿ ಪೊಲೀಸ್ ಅಧಿಕಾರಿ ಮಾ ಬಾವೊಲಿ 2012ರಲ್ಲಿ ಬ್ಲೂಡ್ ಆ್ಯಪ್ ಕಟ್ಟಿದರು. ಅದು ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಗಳ ಜೊತೆಗೂಡಿ ಎಚ್‌ಐವಿ ಪರೀಕ್ಷೆಯನ್ನು ಅಪಾರ ಸಂಖ್ಯೆಯ ಪುರುಷರ ಬೆರಳ ತುದಿಗೆ ತಂದಿತು. 2025ರ ನವೆಂಬರ್‌ನಲ್ಲಿ ಅಧಿಕಾರಿಗಳ ಆದೇಶದ ಮೇರೆಗೆ ಅದೇ ಆ್ಯಪ್ ಚೀನಾದ ಆ್ಯಪಲ್ ಸ್ಟೋರ್‌ನಿಂದ ಮಾಯವಾಯಿತು. ಪರದೇಶದ ಅನುದಾನದ ಕತೆಯೂ ಇಂಥದ್ದೇ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ನೆರವು ನಿಲ್ಲಿಸಿದಾಗ ಹೈದರಾಬಾದ್, ಪುಣೆ, ಕಲ್ಯಾಣದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನಡೆಯುತ್ತಿದ್ದ ‘ಮಿತ್ರ್’ ಕ್ಲಿನಿಕ್‌ಗಳು ಬಾಗಿಲು ಮುಚ್ಚಿದವು. ಜೀವರಕ್ಷಣೆಯ ಕೆಲಸ ನಮ್ಮದೇ ಬಜೆಟ್ಟಿನಲ್ಲಿ, ನಮ್ಮದೇ ವ್ಯವಸ್ಥೆಯೊಳಗೆ ಬೇರೂರಬೇಕು.

ನಮ್ಮಲ್ಲಿನ ಇನ್ನೊಂದು ಅಪಾಯ ಸುಲಿಗೆ. ನಕಲಿ ಪ್ರೊಫೈಲ್ ಹಾಕಿ ಪುರುಷರನ್ನು ಕರೆಸಿಕೊಂಡು, ಹೊಡೆದು, ವಿಡಿಯೊ ಮಾಡಿ, ‘ಮನೆಗೆ ಹೇಳುತ್ತೇವೆ’ ಎಂದು ಹಣ ಕೀಳುವ ಗುಂಪುಗಳು ದೇಶದ ಹಲವು ನಗರಗಳಲ್ಲಿ ಸಿಕ್ಕಿಬಿದ್ದಿವೆ. ದೂರು ಕೊಡದೆ ನುಂಗಿಕೊಂಡವರು ಅದೆಷ್ಟೋ! ಇಂಥವರಿಗೆ ಕಾನೂನಿನ ಆಸರೆಯೂ ಪೂರ್ತಿಯಾಗಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೇ ಸೆಕ್ಷನ್‌ನ ಹಿಡಿತದಿಂದ ಬಿಡಿಸಿತು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ ಪೂರ್ತಿಯಾಗಿ ಇಲ್ಲವಾಯಿತು. ವಯಸ್ಕ ಪುರುಷನ ಮೇಲೆ ಅತ್ಯಾಚಾರವಾದರೆ ನೇರವಾಗಿ ಅನ್ವಯಿಸುವ ಕಲಮೇ ಇಲ್ಲದಂತಾಗಿದೆ. ಸಂಸತ್ತು ಈ ಕೊರತೆಯನ್ನು ತುಂಬಲೇಬೇಕು. ಆರೋಗ್ಯದ ಸಂದೇಶ ಹೊತ್ತು ಬರುವ ಅಪರಿಚಿತ ಖಾತೆಯನ್ನು ಯುವಕರು ಯಾಕೆ ಅನುಮಾನದಿಂದ ನೋಡುತ್ತಾರೆ ಎಂಬುದು ಈ ಸುಲಿಗೆ ಮತ್ತು ಕಾನೂನಿನ ಕೊರತೆಯಿಂದ ಅರ್ಥವಾಗುತ್ತದೆ.

ಇವೆಲ್ಲದರ ಜೊತೆಗೆ ಕನ್ನಡದ ಕೊರತೆಯೂ ಇದೆ. ಸಲಿಂಗಾಸಕ್ತ ಪುರುಷರ ಆರೋಗ್ಯದ ಬಗ್ಗೆ ಜಾಲದಲ್ಲಿರುವ ಒಳ್ಳೆಯ ಮಾಹಿತಿಯಲ್ಲಿ ಬಹುಪಾಲು ಇಂಗ್ಲಿಷ್‌ನಲ್ಲಿದೆ. ಕನ್ನಡದಲ್ಲಿ ಹುಡುಕಿದವನಿಗೆ ಎದುರಾಗುವುದು ಹೆಚ್ಚಾಗಿ ಗುಪ್ತರೋಗ ತಜ್ಞರ ವಿಡಿಯೊಗಳು. ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ಆ ಜಾಹೀರಾತುಗಳೀಗ ಯೂಟ್ಯೂಬ್‌ಗೆ ಬಂದು ಕೂತಿವೆ. ಸಲಿಂಗಾಸಕ್ತಿಯನ್ನು ‘ವಾಸಿ’ ಮಾಡುವ ಭರವಸೆ ನೀಡುವವರೂ ಇದ್ದಾರೆ. ಅಂಥ ಚಿಕಿತ್ಸೆ ವೈದ್ಯಕೀಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟಪಡಿಸಿದೆ. 2013ರಲ್ಲಿ ಬಂದ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಸಲಿಂಗಿ ಪುರುಷನ ಒಳಬದುಕನ್ನು ಕನ್ನಡದ ಓದುಗರು ಎದೆಗೆ ಹಚ್ಚಿಕೊಳ್ಳುವಂತೆ ಮಾಡಿತು. ಸಾಹಿತ್ಯಕ್ಕೆ ಬಂದ ಆ ಧೈರ್ಯ ನಮ್ಮ ಆರೋಗ್ಯ ಇಲಾಖೆಯ ಮಾತಿಗೆ ಇನ್ನೂ ಬಂದಿಲ್ಲ.

ಹೇಳಬೇಕಾದ ವಿಷಯವೇನೂ ಜಟಿಲವಲ್ಲ. ಸೋಂಕು ತಗುಲಿರಬಹುದೆಂಬ ಅನುಮಾನ ಬಂದರೆ ತಡಮಾಡದೆ, 72 ಗಂಟೆಯೊಳಗೆ ವೈದ್ಯರನ್ನು ಕಂಡು 28 ದಿನಗಳ ತಡೆ ಔಷಧ ಆರಂಭಿಸಬಹುದು. ಸೋಂಕಿಲ್ಲದವರು ಮುಂಚಿತವಾಗಿ ತೆಗೆದುಕೊಳ್ಳುವ ‘ಪ್ರೆಪ್’ ಮಾತ್ರೆ, ಹೇಳಿದಂತೆ ಸೇವಿಸಿದರೆ, ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಬರುವ ಸಾಧ್ಯತೆಯನ್ನು ಸುಮಾರು ಶೇ 99ರಷ್ಟು ತಗ್ಗಿಸುತ್ತದೆ. ಆದರೆ ಅದು ಸಿಫಿಲಿಸ್, ಗೊನೋರಿಯಾಗಳನ್ನು ತಡೆಯುವುದಿಲ್ಲ, ನಿರೋಧ್ ಬೇಕೇ ಬೇಕು. ಚಿಕಿತ್ಸೆಯಿಂದ ವೈರಾಣುವಿನ ಪ್ರಮಾಣ ಪತ್ತೆಯಾಗದ ಮಟ್ಟಕ್ಕೆ ಇಳಿದ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕವಾಗಿ ಎಚ್‌ಐವಿ ಹರಡುವುದಿಲ್ಲ. ಸುಮಾರು 780 ಸಲಿಂಗಿ ಜೋಡಿಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಅಂಥ ಒಂದು ಪ್ರಕರಣವೂ ಸಿಗಲಿಲ್ಲ. ಈ ಕೊನೆಯ ಸತ್ಯವೊಂದೇ ಎಷ್ಟು ಜನರ ಎದೆಭಾರ ಇಳಿಸಬಲ್ಲದು! ಕನ್ನಡ ಮಾತಾಡುವ ಎಷ್ಟು ಸೋಂಕಿತರಿಗೆ ಇದು ತಿಳಿದಿದೆ?

ಮಾಹಿತಿ ತಲುಪಿದ ಮೇಲೆ ಎದುರಾಗುವುದು ಆಸ್ಪತ್ರೆಯ ಬಾಗಿಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ, ಎಚ್‌ಐವಿಗೆ ನೀಡುವ ಎಆರ್‌ಟಿ ಚಿಕಿತ್ಸೆ 2004ರಿಂದಲೂ ಉಚಿತ. ಆದರೆ ‘ಮದುವೆ ಆಗಿದೆಯಾ? ಹೆಂಗಸರ ಸಹವಾಸ ಉಂಟಾ?’ ಎಂದು ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳುವಂತೆ ವಿಚಾರಿಸುವ ಸಿಬ್ಬಂದಿಯೊಬ್ಬರಿದ್ದರೆ ಸಾಕು, ನೂರು ಪೋಸ್ಟ್‌ಗಳ ಶ್ರಮ ನೀರಲ್ಲಿ ಹೋಮ. ಹಾಗೆ ಹಿಂದಿರುಗಿದವನು ಮತ್ತೆ ಬರುವುದಿಲ್ಲ, ಗೆಳೆಯರಿಗೂ ಹೋಗಬೇಡಿ ಎನ್ನುತ್ತಾನೆ. ಅವನಿಗೆ ಹೆಂಡತಿಯಿದ್ದರೆ, ಏನೂ ತಿಳಿಯದ ಆಕೆಯ ಆರೋಗ್ಯವೂ ಆ ಬಾಗಿಲಲ್ಲೇ ಸೋಲುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ತಾರತಮ್ಯವನ್ನೂ ನಿಷೇಧಿಸುತ್ತದೆ. ಗೋಪ್ಯತೆಯನ್ನು ಹಕ್ಕಾಗಿಸುತ್ತದೆ. ಈ ಕಾಯ್ದೆಯ ಬಗ್ಗೆ ರೋಗಿಗೂ ಅರಿವಿಲ್ಲ, ಅನೇಕ ಸಿಬ್ಬಂದಿಗೂ ಇಲ್ಲ.

ಹಾಗಾದರೆ ಆಗಬೇಕಾದದ್ದು ಏನು? ಮೊದಲಿಗೆ, ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿ ಪ್ರತಿ ಜಿಲ್ಲೆಯಲ್ಲೂ ಸಮುದಾಯದಿಂದಲೇ ಬಂದ ಜಾಲತಾಣ ಕಾರ್ಯಕರ್ತರನ್ನು ಸಂಬಳ ಕೊಟ್ಟು ನೇಮಿಸಬೇಕು. ಗೌರವಧನದ ಹೆಸರಿನಲ್ಲಿ ಪುಡಿಗಾಸು ಕೊಟ್ಟು ರಾತ್ರಿ ಹನ್ನೊಂದರವರೆಗೆ ಚಾಟ್ ಮಾಡಿಸುವುದು ಅನ್ಯಾಯ. ಅವರ ಖಾತೆಗಳು ಅಧಿಕೃತವೆಂದು ಯಾರು ಬೇಕಾದರೂ ಪರಿಶೀಲಿಸುವಂತಿರಬೇಕು. ಅವರಾಡುವ ಕನ್ನಡ ಕಲಬುರಗಿಗೂ ಮಂಗಳೂರಿಗೂ ಹತ್ತಿರವಾಗುವ ಆಡುನುಡಿಯಾಗಿರಬೇಕು. ಎರಡನೆಯದಾಗಿ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು ಕೇಂದ್ರದ ಸಿಬ್ಬಂದಿಗೆ ವಿಶೇಷ ತರಬೇತಿ ನೀಡಿ, ಸಂಜೆ ಹೊತ್ತಿನಲ್ಲೂ ಪರೀಕ್ಷೆ ಸಿಗುವಂತೆ ಮಾಡಬೇಕು. ಮೂರನೆಯದಾಗಿ, ಚಾಟ್‌ನಲ್ಲಿ ಹೆಸರು, ವಿಳಾಸ ಕೇಳುವುದನ್ನು ನಿಷೇಧಿಸಬೇಕು. ಗುಪ್ತಸಂಖ್ಯೆಯೊಂದೇ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಯಶಸ್ಸಿನ ಅಳತೆಗೋಲು ಬದಲಾಗಬೇಕು. ಒಂದು ರೀಲ್ ಅನ್ನು ಎಷ್ಟು ಲಕ್ಷ ಜನ ನೋಡಿದರು ಎಂಬುದು ವರದಿಗೆ ಶೋಭೆ ತರಬಹುದು. ಅದನ್ನು ನೋಡಿ ಎಷ್ಟು ಜನ ಪರೀಕ್ಷೆಗೆ ಬಂದರು, ಬಂದವರಲ್ಲಿ ಎಷ್ಟು ಜನ ಚಿಕಿತ್ಸೆಯಲ್ಲಿ ಉಳಿದರು ಎಂಬ ಲೆಕ್ಕವಷ್ಟೇ ಜೀವ ಉಳಿಸುತ್ತದೆ.

ಸರ್ಕಾರ ಇದನ್ನು ಮಾಡುವವರೆಗೂ ಕಾಯಬೇಕಾಗಿಲ್ಲ. 1097 ಉಚಿತ ಸಹಾಯವಾಣಿ. ಹತ್ತಿರದ ಪರೀಕ್ಷಾ ಕೇಂದ್ರ ಎಲ್ಲಿದೆ ಎಂಬುದನ್ನು ಅಲ್ಲಿ ಕೇಳಬಹುದು. ಈ ಲೇಖನ ಓದುತ್ತಿರುವವರ ಮನೆಯಲ್ಲಿ, ಕಚೇರಿಯಲ್ಲಿ, ಗೆಳೆಯರ ಬಳಗದಲ್ಲಿ ಈ ಮಾಹಿತಿ ಬೇಕಾದವರು ಇದ್ದೇ ಇರುತ್ತಾರೆ. ಅವರು ಯಾರೆಂದು ಹುಡುಕಲು ಹೋಗಬೇಡಿ. ಗೇಲಿಯ ಮೀಮ್ ಒಂದನ್ನು ಹಂಚುವ ಬದಲು, ಈ ಸಂಖ್ಯೆಯನ್ನು ನಿಮ್ಮ ಗುಂಪುಗಳಲ್ಲಿ ಹಂಚಿ.